ಕಿಂದರಿಜೋಗಿ ಮತ್ತು ಕೊಟ್ಟ ಮಾತು

ಮಕ್ಕಳ ನಾಟಕವೆಂದರೆ ಹೊತ್ತು ಕಳೆಯುವ ಆಟವೆಂದು ಬದಿಗಿಡುವುದು ಹಿರಿಯರಲ್ಲಿ ಬೇರೂರಿದ ವಾಡಿಕೆ. ಕನ್ನಡದ ಮಕ್ಕಳು ತಲೆಮಾರುಗಳಿಂದ ಶಾಲೆಯ ಅಂಗಳದಲ್ಲಿ, ಬೇಸಿಗೆ ಶಿಬಿರಗಳಲ್ಲಿ ಆಡುತ್ತ ಬಂದಿರುವ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಈ ವಾಡಿಕೆಯನ್ನು ಪ್ರಶ್ನಿಸುತ್ತದೆ. ಇಲಿಗಳ ಗದ್ದಲದಿಂದ ನಗಿಸುತ್ತ ಆರಂಭವಾಗುವ ಈ ಕಥೆ, ಮಾತಿಗೆ ತಪ್ಪಿದ ದೊಡ್ಡವರ ವಿಚಾರಣೆಯಾಗಿ ಮುಗಿಯುತ್ತದೆ. ಗಿರಿನಾಡೆಂದು ಹೆಸರಾದ ಯಾದಗಿರಿ, ಶಹಾಪುರ, ಸುರಪುರದ ಸೀಮೆಯಲ್ಲಿ ಈ ನಾಟಕವನ್ನು ಮತ್ತೆ ಮತ್ತೆ ಆಡಿಸಬೇಕೆಂಬುದು ನಮ್ಮ ಅಭಿಪ್ರಾಯ.

ಈ ಕಥೆಯ ಪ್ರಯಾಣವೇ ಕುತೂಹಲಕರವಾದುದು. ಜರ್ಮನಿಯ ಹ್ಯಾಮೆಲಿನ್ ಪಟ್ಟಣದ ಹಳೆಯ ಐತಿಹ್ಯವನ್ನು ಆಂಗ್ಲಕವಿ ರಾಬರ್ಟ್ ಬ್ರೌನಿಂಗ್, ಅಸ್ವಸ್ಥನಾಗಿದ್ದ ಬಾಲಕನೊಬ್ಬ ಚಿತ್ರ ಬಿಡಿಸಲೆಂದು ಪದ್ಯವಾಗಿಸಿದನು. 1842ರಲ್ಲಿ ಪ್ರಕಟವಾದ ಆ ಪದ್ಯಕ್ಕೆ 1888ರಲ್ಲಿ ಕೇಟ್ ಗ್ರೀನ್‌ಅವೇ ಬಿಡಿಸಿದ ಚಿತ್ರಗಳಿಂದ ಅದು ಜಗತ್ತಿನ ಪ್ರಸಿದ್ಧ ಚಿತ್ರಪುಸ್ತಕಗಳಲ್ಲಿ ಒಂದಾಯಿತು. ಮಲೆನಾಡಿನ ಮಗನಾದ ಕುವೆಂಪು ಅದನ್ನು ತುಂಗೆಯ ದಡಕ್ಕೆ ತಂದರು. ಪುರಪಿತೃ ಊರಗೌಡನಾದ, ಕೊಳಲೂದುವವನು ಕಿಂದರಿ ನುಡಿಸುವ ಜೋಗಿಯಾದ. ಹೀಗೆ ನಮ್ಮದಾದ ಕಥೆಗೆ ತುಂಗೆಯಿಂದ ಕೃಷ್ಣೆ ಭೀಮೆಯರ ಸೀಮೆಗೆ ಬರುವುದು ದೂರವೇನಲ್ಲ. ಆ ನದಿಗಳೂ ಮಹಾಬಳೇಶ್ವರ, ಭೀಮಾಶಂಕರಗಳ ಸಹ್ಯಾದ್ರಿಯಲ್ಲೇ ಹುಟ್ಟಿದವು.

ಮೊದಲು ಇಲಿಗಳ ವಿಷಯ. ಊರಿಗೆ ಇಲಿಗಳು ಬಂದುದೇಕೆ ಎಂದು ಕಥೆ ಹೇಳುವುದಿಲ್ಲ. ಆಡುವ ಮಕ್ಕಳು ಕೇಳಬೇಕು. ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಶಹಾಪುರ, ಸುರಪುರ ಭಾಗದ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಭತ್ತದ ಬದುಗಳಲ್ಲಿ ಇಲಿಗೆ ಬಿಲವೂ ಉಂಟು, ಆಹಾರವೂ ಉಂಟು. ಅದನ್ನು ಹಿಡಿದು ತಿನ್ನುವ ಗೂಬೆಯನ್ನು ಅಪಶಕುನವೆಂದು ಓಡಿಸಿದೆವು, ಕೇರೆಹಾವನ್ನು ಕಂಡಲ್ಲಿ ಬಡಿದೆವು. ಉಳಿದ ದಾರಿಯೆಂದರೆ ವಿಷದ ಗುಳಿಗೆ. ವಿಷ ತಿಂದ ಇಲಿಯನ್ನು ತಿಂದ ಗೂಬೆಯೂ ಸಾಯುತ್ತದೆ. ಜೋಗಿಯನ್ನು ಕರೆಯಬೇಕಾದ ಊರು ಅದಕ್ಕೂ ಮೊದಲೇ ತನ್ನ ಕಾವಲುಗಾರರನ್ನು ಕಳೆದುಕೊಂಡಿರುತ್ತದೆ. ಇಲಿಗಳೆಲ್ಲ ಹೊಳೆಯಲ್ಲಿ ಮುಳುಗಿದಾಗ ಊರು ಸಂಭ್ರಮಿಸುತ್ತದೆ. ಕೆಳಗಿನ ಊರಿನವರು ಕುಡಿಯುವ ನೀರೇನಾಯಿತೆಂದು ಯಾರೂ ಕೇಳುವುದಿಲ್ಲ. ಗಣಿಯ ಹೂಳು ಭದ್ರೆಗೆ ಇಳಿಯುವುದನ್ನು ಕಂಡು, 2005ರ ಕೊನೆಯಲ್ಲಿ ಕುದುರೆಮುಖದ ಗಣಿಗಾರಿಕೆ ನಿಲ್ಲುವವರೆಗೆ ದನಿಯೆತ್ತಿದ ಮಲೆಯ ಜನರಿಗೆ ಈ ಪ್ರಶ್ನೆ ಹೊಸದಲ್ಲ.

ಎರಡನೆಯದು, ಕೊಟ್ಟ ಮಾತು. ಈ ಸೀಮೆಗೆ ಕೊಟ್ಟ ಮಾತುಗಳು ಸಾಕಷ್ಟಿವೆ. 2002ರ ನಂಜುಂಡಪ್ಪ ಸಮಿತಿಯ ವರದಿ ಈ ಮೂರೂ ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿತು. 2009ರ ಡಿಸೆಂಬರಿನಲ್ಲಿ ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. ಸಂವಿಧಾನದ 98ನೆಯ ತಿದ್ದುಪಡಿಯಿಂದ 371ಜೆ ವಿಧಿಯ ವಿಶೇಷ ಸ್ಥಾನಮಾನವೂ ದೊರೆಯಿತು. ಇವುಗಳಿಂದ ಏನೂ ಆಗಲಿಲ್ಲವೆಂದರೆ ಅನ್ಯಾಯವಾದೀತು. ಆದರೂ ಸುಗ್ಗಿ ಮುಗಿದೊಡನೆ ಸಂಸಾರ ಕಟ್ಟಿಕೊಂಡು ಬೆಂಗಳೂರು, ಪುಣೆ, ಮುಂಬಯಿಗಳಿಗೆ ಗುಳೆ ಹೋಗುವುದು ನಿಂತಿಲ್ಲ. ಹತ್ತಿ ಬಿಡಿಸುವ ಕಾಲಕ್ಕೆ ಶಾಲೆಯ ಹಾಜರಿ ಇಳಿಯುವುದನ್ನು ಇಲ್ಲಿನ ಶಿಕ್ಷಕರೆಲ್ಲ ಬಲ್ಲರು. ಸುರಪುರದ ಬಳಿಯ ಬೋನಾಳ ಕೆರೆಗೆ ಚಳಿಗಾಲದಲ್ಲಿ ದೂರದೇಶದ ಹಕ್ಕಿಗಳು ಬಂದಿಳಿಯುತ್ತವೆ. ಅದೇ ದಿನಗಳಲ್ಲಿ ಊರಿನ ಮಕ್ಕಳು ಹೊರಡುತ್ತಾರೆ. ಬೊಮ್ಮನಹಳ್ಳಿಯ ಮಕ್ಕಳನ್ನು ಕರೆದೊಯ್ದವನು ಜೋಗಿ. ಇವರನ್ನು ಕರೆದೊಯ್ಯುವುದು ಸಾಲ ಮತ್ತು ಮುಂಗಡದ ಹಣ.

ಆದ್ದರಿಂದ ಈ ನಾಟಕವನ್ನು ಇಲ್ಲಿಯ ಮಣ್ಣಿನಲ್ಲೇ ಕಟ್ಟಬೇಕು. ಮಾತು ಪುಸ್ತಕದ ಕನ್ನಡವಾಗಿರದೆ ಮಕ್ಕಳ ಮನೆಮಾತಾಗಿರಲಿ. ಜೋಗಿಯ ಕೈಯಲ್ಲಿ ತತ್ವಪದಕಾರರ ಏಕತಾರಿ ಇರಲಿ, ಇಲಿಗಳ ಹಿಂಡಿಗೆ ಹಲಗೆಯ ಪೆಟ್ಟು ಇರಲಿ. ಬಯಲಾಟ ಕಂಡ ಈ ನಾಡಿಗೆ ದೀಪ, ಪರದೆಗಳ ವೆಚ್ಚ ಬೇಕಿಲ್ಲ. ಬಾಯಿ ತೆರೆಯುವ ಬೆಟ್ಟ, ಮಲಗಿದ ಬುದ್ಧನಂತೆ ಕಾಣುವ ಶಹಾಪುರದ ಬೆಟ್ಟವೇ ಆಗಲಿ. ಮುಖವಾಡಕ್ಕೆ ಹಳೆಯ ಗೋಣಿಚೀಲ, ರದ್ದಿ ಕಾಗದ ಸಾಕು.

ಒಂದು ಎಚ್ಚರಿಕೆ ಅಗತ್ಯ. ಮಕ್ಕಳಿಗೆ ದುಃಖ ಬೇಡವೆಂದು ಕೊನೆಯನ್ನು ಬದಲಿಸಿ, ಗೌಡನು ಕ್ಷಮೆ ಕೇಳಿ ಎಲ್ಲರೂ ಕುಣಿಯುವಂತೆ ಮಾಡುವ ಆಸೆ ನಿರ್ದೇಶಕರಿಗೆ ಬರುವುದುಂಟು. ಬ್ರೌನಿಂಗ್‌ನ ಪದ್ಯದಲ್ಲಿ ಕಾಲು ಕುಂಟಾದ ಒಬ್ಬ ಹುಡುಗ ಮಾತ್ರ ಹಿಂದೆ ಉಳಿದು, ಗೆಳೆಯರಿಲ್ಲದ ಊರಿನ ಬೇಸರವನ್ನು ಹೇಳುತ್ತಾನೆ. ಗುಳೆ ಹೋದವರ ಖಾಲಿ ಜಾಗದ ಪಕ್ಕ ಕುಳಿತ ವಿದ್ಯಾರ್ಥಿಗೆ ಆ ಬೇಸರ ಗೊತ್ತಿದೆ. ಅದನ್ನು ರಂಗದ ಮೇಲೆ ಆಡಲು ಬಿಡಬೇಕು.

ಮುಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟುವ ಹಿರಿಯರು ಅಷ್ಟಕ್ಕೇ ಏಳದಿರಲಿ. ಗುಳೆ ಹೋಗುವವರ ಮಕ್ಕಳಿಗೆ ಋತುಮಾನ ವಸತಿ ಶಾಲೆಗಳು ಕುಟುಂಬಗಳು ಹೊರಡುವ ಮುನ್ನವೇ ತೆರೆಯಬೇಕು. ಊರಲ್ಲೇ ಉದ್ಯೋಗ ಖಾತರಿಯ ಕೆಲಸ ಸಿಗಬೇಕು, ಅದರ ಕೂಲಿ ಸಕಾಲಕ್ಕೆ ಬರಬೇಕು. ಜೋಗಿ ಕೇಳಿದ್ದೂ ದುಡಿಮೆಗೆ ತಕ್ಕ ಕೂಲಿಯನ್ನೇ.