ಮುರಿಯದ ಬೀಗ, ಬರಿದಾದ ಮನೆ

ಅಶೋಕನ ಶಾಸನದಿಂದ ಹೆಸರಾದ ಮಸ್ಕಿಯಲ್ಲಿ, ನೆರೆಯ ಸಿಂಧನೂರು ಲಿಂಗಸುಗೂರುಗಳಲ್ಲಿ, ಮನೆಗೆ ಬೀಗವಿಕ್ಕಿ ಬೆಂಗಳೂರಿಗೆ ಗುಳೆ ಹೋಗುವ ಕುಟುಂಬಗಳುಂಟು. ಆ ಅಶೋಕನ ಅಜ್ಜನ ಕಾಲದಲ್ಲಿ ಜನರು ಮನೆಗಳಿಗೆ ಕಾವಲನ್ನೇ ಇಡುತ್ತಿರಲಿಲ್ಲವೆಂದು ಗ್ರೀಕ ರಾಯಭಾರಿ ಮೆಗಸ್ತನೀಸನು ಹೇಳಿದನಂತೆ! ಇಂದು ಕೂಲಿಕಾರನ ಸರ್ವಸ್ವವೂ ಒಂದು ಬೀಗದ ಮೇಲೆ ನಿಂತಿರುವದು.

ಆ ಬೀಗವಾದರೂ ಎಂಥದು? ಬಾಗಿಲ ಬೀಗಗಳಲ್ಲಿ ಅನೇಕವು ಹತ್ತೊಂಬತ್ತನೆಯ ಶತಮಾನದಲ್ಲಿ ಅಮೇರಿಕದ ಲೈನಸ್ ಯೇಲನು ರೂಪಿಸಿದ ಬಗೆಯವು. ಒಳಗೆ ಸ್ಪ್ರಿಂಗು ಒತ್ತಿ ಹಿಡಿದ ಸಣ್ಣ ಕಡ್ಡಿಗಳು. ತಕ್ಕ ಕೀಲಿಕೈ ಹೊಕ್ಕಾಗ ಅವು ಸರಿಮಟ್ಟಕ್ಕೆ ಬರಲು ಬೀಗವು ತಿರುಗುವದು. ಆದರೆ ಬೇಕೆಂದೇ ಅರೆದ ಕೀಲಿಕೈಗೆ ಮೆಲ್ಲನೆ ಪೆಟ್ಟು ಬಿದ್ದರೂ ಕಡ್ಡಿಗಳು ಕ್ಷಣಮಾತ್ರ ನೆಗೆದು ದಾರಿ ಬಿಡುವವು. ಒಳ್ಳೆಯ ಬೀಗಗಳಲ್ಲಿ ಇದಕ್ಕೆ ತಡೆಯುಂಟು, ಅಗ್ಗದವುಗಳಲ್ಲಿ ಅಪರೂಪ. (ತುಕ್ಕು ತಿಂದ ಕೊಂಡಿಗಾದರೋ ಇಷ್ಟು ಕುಶಲತೆಯೂ ಬೇಡ, ಹಾರೆಯೇ ಸಾಕು.) 1851ರ ಲಂಡನ್ ಮಹಾಪ್ರದರ್ಶನದ ಕಾಲಕ್ಕೆ ಹಾಬ್ಸನೆಂಬವನು ಚಬ್, ಬ್ರಾಮಾ ಎಂಬ ಹೆಸರಾಂತ ಬೀಗಗಳನ್ನೇ ಮುರಿಯದೆ ತೆರೆದು ತೋರಿಸಿದ್ದನು.

ಬಾಗಿಲಿಗೆ ಗಾಯವಿಲ್ಲದಾಗ ಕಳಕೊಂಡವನ ಮಾತೇ ಸಂಶಯಕ್ಕೆ ಗುರಿಯಾಗುವದು. “ಬೀಗ ಹಾಕಿದ್ದೆಯಾ? ಕೀಲಿಕೈ ಯಾರಲ್ಲಿತ್ತು?” ಎಂಬ ಪ್ರಶ್ನೆಗೆ ಬಡವನು ಏನೆಂದು ಉತ್ತರಿಸಬೇಕು? 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 330ನೆಯ ಕಲಮು, ಅತಿಕ್ರಮಣಕ್ಕಾಗಿ ಬೀಗ ತೆರೆದು ಹೊಕ್ಕುದನ್ನೂ ಮನೆ ಮುರಿದುದೆಂದೇ ಎಣಿಸುವದು. ಹಳೆಯ ದಂಡ ಸಂಹಿತೆಯೂ ಹಾಗೆಯೇ ಎಣಿಸಿತ್ತು. ಅಂದಮೇಲೆ ಬೀಗವು ಒಡೆದಿಲ್ಲವೆಂಬ ನೆಪದಿಂದ ಯಾವ ಠಾಣೆಯೂ ಫಿರ್ಯಾದನ್ನು ಹಿಂದಿರುಗಿಸಕೂಡದು. ಆ ಬೀಗವನ್ನೂ ಬಿಚ್ಚಿಸಿ, ಒಳಗಿನ ಗೀರುಗಳನ್ನು ತಜ್ಞರಿಂದ ಪರೀಕ್ಷಿಸಲಿ.