ಟೀ ಕುಡಿದು ಮೌನವಾದ ಲ್ಯಾಪ್‌ಟಾಪ್

2001ರಲ್ಲಿ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ನಮಗೆಲ್ಲ ಬೆಂಗಳೂರು ಟ್ರೇನೇ ಗತಿ. ಬಂಗಾರಪೇಟೆಯಲ್ಲಿ ಜನ ನುಗ್ಗಿದ್ರು ನೋಡಿ, ಕೈಲಿದ್ದ ಟೀ ಪೂರ್ತಿ ಕೀಬೋರ್ಡ್ ಮೇಲೆ! ಇನ್ನೂ ಆರು ಕಂತು ಬಾಕಿ. ತಕ್ಷಣ ಆಫ್ ಮಾಡಿ, ತಲೆಕೆಳಗೆ ಹಿಡಿದುಕೊಂಡೇ ಆಫೀಸು ಸೇರಿದೆ.

ಅಕ್ಕಿ ಡಬ್ಬದಲ್ಲಿಡು ಅಂದ್ರು ಅಮ್ಮ. ಬೇಡಮ್ಮ, ಅದರ ಪುಡಿ ಒಳಗೆ ಹೋಗುತ್ತೆ. ಎರಡು ದಿನ ಫ್ಯಾನ್ ಕೆಳಗಿಟ್ಟೆ. ಆನ್ ಆಯ್ತು, ಸೌಂಡ್ ಮಾತ್ರ ಇಲ್ಲ. ಬ್ಲೂಟೂತ್ ಇಯರ್‌ಫೋನಲ್ಲಿ ಹಾಡು ಕೇಳಿಸ್ತು. ಅಲ್ಲಿಗೆ ಅರ್ಧ ಜೀವ ಬಂತು. ಸೆಟ್ಟಿಂಗ್ಸ್ ನೋಡಿದ್ರೆ, ವೈರೇ ಸಿಕ್ಕಿಸದಿದ್ರೂ 'ಹೆಡ್‌ಫೋನ್' ಅಂತ ತೋರಿಸ್ತಿದೆ! ಜ್ಯಾಕ್‌ನೊಳಗಿನ ತೇವ ಅದನ್ನ ಯಾಮಾರಿಸಿತ್ತು.

ರಾಬರ್ಟ್‌ಸನ್‌ಪೇಟೆಯ ರಿಪೇರಿ ಅಂಗಡಿಯವರು ಬಿಚ್ಚಿ, ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಉಜ್ಜಿದ್ರು. ಬರೀ ನೀರಾದ್ರೆ ಒಣಗುತ್ತೆ, ಸಕ್ಕರೆ ಟೀ ಅಂಟಿಕೊಂಡು ಬೋರ್ಡನ್ನೇ ತಿನ್ನುತ್ತೆ. ಈಗ ಸೌಂಡ್ ಬರ್ತಿದೆ. ಎಡಗಡೆ ಸ್ಪೀಕರ್ ಮಾತ್ರ ಇನ್ನೂ ಗೊರಗೊರ ಅಂತಿದೆ.