ಬಂದ ಕಾರ್ಡನ್ನು ಊರಿಗೆಲ್ಲ ತೋರಿಸಬಹುದೇ?



ಅಂಚೆ ಕಾರ್ಡಿನ ಕಾಲ ಮುಗಿಯಿತೆಂದು ಹೇಳುವವರು ಬಹಳ ಮಂದಿ. ಕಳೆದ ವರ್ಷ ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಮಕ್ಕಳು ಆ ಮಾತನ್ನು ಸುಳ್ಳು ಮಾಡಿದರು. ಸೊಲ್ಲಾಪುರದ ಕಡೆಯ ಒಂದು ಕನ್ನಡ ಶಾಲೆಯ ಮಕ್ಕಳಿಗೂ ನಮ್ಮ ಮಕ್ಕಳಿಗೂ ಕಾರ್ಡುಗಳ ವಿನಿಮಯ ನಡೆಯಿತು. ನಾವು ಕೇರಳದೊಳಗಿನ ಕಾಸರಗೋಡಿನ ಕನ್ನಡಿಗರು. ಅವರು ಮಹಾರಾಷ್ಟ್ರದೊಳಗಿನ ಕನ್ನಡಿಗರು. ಒಬ್ಬರನ್ನೊಬ್ಬರು ಕಂಡವರಲ್ಲ. ಆದರೂ ಐವತ್ತು ಪೈಸೆಯ ಕಾರ್ಡಿನ ಮೇಲೆ ನಮ್ಮ ಮಳೆ, ಅಡಕೆ ತೋಟ, ಯಕ್ಷಗಾನಗಳು ಅಲ್ಲಿಗೆ ಹೋದವು. ಅವರ ಜೋಳದ ಹೊಲ, ಕಬ್ಬಿನ ಗದ್ದೆ, ಜಾತ್ರೆಗಳು ಇಲ್ಲಿಗೆ ಬಂದವು. ಕಾರ್ಡಿನ ಹಿಂಬದಿಯಲ್ಲಿ ಮಕ್ಕಳು ಬರೆದ ಚಿತ್ರ. ವಿಳಾಸದ ಬದಿಯಲ್ಲಿ ಉಳಿದ ಜಾಗದಲ್ಲಿ ನಾಲ್ಕಾರು ಸಾಲು.

ಆ ಸಂತೋಷದ ನಡುವೆ ನನ್ನಿಂದ ಒಂದು ತಪ್ಪಾಯಿತು. ಈ ಲೇಖನ ಹುಟ್ಟಿದ್ದೇ ಆ ತಪ್ಪಿನಿಂದ.

ಬಂದ ಕಾರ್ಡುಗಳಲ್ಲಿ ಒಂದನ್ನು ನಾನು ಮೊಬೈಲಿನಲ್ಲಿ ಎರಡು ಬದಿಯೂ ಕಾಣುವಂತೆ ಚಿತ್ರ ತೆಗೆದು, ಹೆತ್ತವರ ವಾಟ್ಸಾಪ್ ಗುಂಪಿಗೆ ಹಾಕಿದೆ. ನಮ್ಮ ಮಕ್ಕಳ ಚಟುವಟಿಕೆ ಎಲ್ಲರಿಗೂ ತಿಳಿಯಲಿ ಎಂಬುದು ನನ್ನ ಉದ್ದೇಶ. ಆ ಕಾರ್ಡಿನಲ್ಲಿ ಏನಿತ್ತೆಂದು ಇಲ್ಲಿ ಬರೆಯಲಾರೆ. ಒಮ್ಮೆ ಮಾಡಿದ್ದು ಸಾಕು. ಬರೆದ ಹುಡುಗಿಯ ಮನೆಯ ಒಂದು ಕಷ್ಟದ ಮಾತು ಅದರಲ್ಲಿತ್ತು. ಆ ಮಾತನ್ನು ಅವಳು ತನ್ನ ಊರಿನ ಆಡುನುಡಿಯಲ್ಲಿ ಬರೆದಿದ್ದಳು ಎಂದಷ್ಟೇ ಹೇಳುತ್ತೇನೆ.

ಚಿತ್ರ ನಮ್ಮ ಗುಂಪಿನಲ್ಲೇ ನಿಲ್ಲಲಿಲ್ಲ. ಒಂದು ಗುಂಪಿನಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ದಾಟಿತು. ದಾರಿಯಲ್ಲಿ ಯಾರೋ ಅವಳ ಕನ್ನಡವನ್ನು ಕಂಡು ನಕ್ಕರು. ಯಾರೋ ಅವಳ ಬಡತನವನ್ನು ಕಂಡು ಮರುಗಿದರು. ನಕ್ಕವರಿಗೆ, ಅದು ತಪ್ಪು ಕನ್ನಡವಲ್ಲ, ಅವಳ ಊರಿನ ಕನ್ನಡ ಎಂಬುದು ತಿಳಿಯಲಿಲ್ಲ. ಗಡಿಯಾಚೆ ಕುಳಿತು ಕನ್ನಡ ಉಳಿಸಬೇಕೆನ್ನುವ ನಾವೇ ಗಡಿಯಾಚೆಯ ಇನ್ನೊಂದು ಮಗುವಿನ ಕನ್ನಡಕ್ಕೆ ನಗುವುದೆಂದರೆ ಅದಕ್ಕಿಂತ ನಾಚಿಕೆಗೇಡು ಬೇರೆ ಯಾವುದಿದೆ? ಕೊನೆಗೆ ಆ ಚಿತ್ರ ಸುತ್ತಿ ಸುತ್ತಿ ಆ ಹುಡುಗಿಯ ಊರಿಗೇ ತಲುಪಿತು. ಅವಳ ಮಾಸ್ತರರು ನನಗೆ ಫೋನು ಮಾಡಿ, ಸಿಟ್ಟಿಲ್ಲದ ದನಿಯಲ್ಲಿ, "ಸರ್, ಆಕಿ ಇನ್ನ ಬರಿಯಂಗಿಲ್ಲ ಅಂತಾಳ್ರಿ" ಎಂದರು. ಅವರು ಗದರಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಇತ್ತ ನಮ್ಮ ತರಗತಿಯಲ್ಲಿ ಅವಳ ಜೊತೆಗಾತಿಯಾಗಿ ಕಾರ್ಡು ಬರೆಯುತ್ತಿದ್ದ ಹುಡುಗಿ ದಿನವೂ ಕೇಳುತ್ತಿದ್ದಳು: "ಸರ್, ನನ್ನ ಕಾರ್ಡು ಬಂತಾ?" ಆ ಕಾರ್ಡು ಯಾಕೆ ಬರಲಿಲ್ಲವೆಂದು ನನಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ.

ಆಗ ನನಗೆ ನನ್ನ ಬಾಲ್ಯದ ಒಂದು ಸಂಗತಿ ನೆನಪಾಯಿತು. ನಮ್ಮ ನೆರೆಮನೆಯ ಅಕ್ಕನ ಗಂಡ ಬೊಂಬಾಯಿಯ ಹೋಟೇಲಿನಲ್ಲಿ ಕೆಲಸಕ್ಕಿದ್ದರು. ಅಕ್ಕನಿಗೆ ಓದು ಬಾರದು. ಕಾರ್ಡು ಬಂದಾಗಲೆಲ್ಲ ಓದಿ ಹೇಳಲು ನನ್ನನ್ನು ಕರೆಯುತ್ತಿದ್ದರು. ಅದರಲ್ಲಿ ಸಾಲದ ಮಾತಿರುತ್ತಿತ್ತು, ಕಾಯಿಲೆಯ ಮಾತಿರುತ್ತಿತ್ತು, ಕೆಲವೊಮ್ಮೆ ಗಂಡಹೆಂಡಿರ ಜಗಳದ ಮಾತೂ ಇರುತ್ತಿತ್ತು. ಮೊದಲ ದಿನ ಮನೆಗೆ ಬಂದು ನಾನು ಉತ್ಸಾಹದಿಂದ ಹೇಳತೊಡಗಿದಾಗ ಅಮ್ಮ ನನ್ನ ಬಾಯಿಗೆ ಕೈ ಅಡ್ಡ ಇಟ್ಟು, "ಮಗಾ, ಓದಿದ್ದನ್ನು ಅವರ ಜಗಲಿಯಲ್ಲೇ ಬಿಟ್ಟು ಬಾ" ಎಂದರು. ನನ್ನ ಅಮ್ಮ ಶಾಲೆಗೆ ಹೋದವರಲ್ಲ. ಆದರೆ ಪತ್ರದ ಮರ್ಯಾದೆ ಅವರಿಗೆ ತಿಳಿದಿತ್ತು. ಬಿ.ಎಡ್. ಮಾಡಿದ ನಾನು ಕೈಯಲ್ಲಿ ಮೊಬೈಲು ಬಂದೊಡನೆ ಅದನ್ನು ಮರೆತೆ.

ಇಂದು ಕಾರ್ಡುಗಳ ವಿನಿಮಯ ಜಗತ್ತಿನಾದ್ಯಂತ ನಡೆಯುತ್ತಿರುವ ಒಂದು ಹವ್ಯಾಸ. 2005ರ ಜುಲೈಯಲ್ಲಿ ಪೋರ್ಚುಗಲ್ ದೇಶದ ಪಾವುಲೊ ಮಗಲ್ಯಾಯಿಸ್ ಎಂಬ ವಿದ್ಯಾರ್ಥಿ ಅಂತರ್ಜಾಲದಲ್ಲಿ 'ಪೋಸ್ಟ್‌ಕ್ರಾಸಿಂಗ್' ಎಂಬ ಏರ್ಪಾಡನ್ನು ಆರಂಭಿಸಿದರು. ಸದಸ್ಯರಾದವರು ಕೇಳಿದರೆ ಯಾವುದೋ ದೇಶದ ಅಪರಿಚಿತರೊಬ್ಬರ ವಿಳಾಸವೂ ಒಂದು ಸಂಖ್ಯೆಯೂ ದೊರೆಯುತ್ತವೆ. ಕಾರ್ಡಿನಲ್ಲಿ ಆ ಸಂಖ್ಯೆಯನ್ನು ಬರೆದು ಕಳುಹಿಸಬೇಕು. ಕಾರ್ಡು ತಲುಪಿದವರು ಆ ಸಂಖ್ಯೆಯನ್ನು ದಾಖಲಿಸಿದಾಗ, ಕಳುಹಿಸಿದವರಿಗೆ ಮತ್ತೊಬ್ಬ ಅಪರಿಚಿತರಿಂದ ಕಾರ್ಡು ಬರುವ ಸರದಿ. ಹೀಗೆ ಈವರೆಗೆ ಏಳು ಕೋಟಿಗೂ ಮಿಕ್ಕಿ ಕಾರ್ಡುಗಳು ತಲುಪಿವೆ. ಬಂದ ಕಾರ್ಡಿನ ಚಿತ್ರವನ್ನು ಅಲ್ಲಿ ಎಲ್ಲರೂ ನೋಡುವಂತೆ ಹಾಕುವ ಪದ್ಧತಿಯೂ ಇದೆ. ಅದು ಸೊಗಸಾದ ಪದ್ಧತಿಯೇ. ಆದರೆ ಅಲ್ಲಿ ಹಾಕುವುದು ಕಾರ್ಡಿನ ಚಿತ್ರದ ಬದಿಯನ್ನು. ಬರಹದ ಬದಿ ಅದನ್ನು ಪಡೆದವರ ಬಳಿಯಲ್ಲೇ ಉಳಿಯುತ್ತದೆ. ಈ ವ್ಯತ್ಯಾಸದಲ್ಲಿ ಒಂದು ದೊಡ್ಡ ವಿವೇಕ ಅಡಗಿದೆ ಎಂಬುದು ನನ್ನ ಅಭಿಪ್ರಾಯ.

ಇದಕ್ಕೆ ಆಕ್ಷೇಪವಿಲ್ಲದೆ ಇಲ್ಲ. ಕೆಲವರು ಕೇಳುತ್ತಾರೆ: "ಕಾರ್ಡು ಎಂದರೆ ತೆರೆದ ಪತ್ರವಲ್ಲವೇ? ಗುಟ್ಟಿನ ಮಾತಿದ್ದರೆ ಲಕೋಟೆಯಲ್ಲಿ ಹಾಕಬೇಕಿತ್ತು." ಈ ಪ್ರಶ್ನೆ ಕಾರ್ಡಿನಷ್ಟೇ ಹಳೆಯದು. 1869ರ ಅಕ್ಟೋಬರ್ 1ರಂದು ಆಸ್ಟ್ರಿಯಾ-ಹಂಗೇರಿಯಲ್ಲಿ ಪ್ರಪಂಚದ ಮೊದಲ ಸರಕಾರಿ ಅಂಚೆ ಕಾರ್ಡು ಹೊರಬಂದಾಗಲೂ, ಆಳುಕಾಳುಗಳೂ ಅಂಚೆಯವರೂ ಓದುವುದಿಲ್ಲವೇ ಎಂಬ ಅಳುಕು ಜನರಲ್ಲಿತ್ತು. ನಮ್ಮ ದೇಶಕ್ಕೆ ಕಾರ್ಡು ಬಂದದ್ದು 1879ರ ಜುಲೈ 1ರಂದು, ಬೆಲೆ ಕಾಲಾಣೆ. ಅಂದಿನಿಂದ ಕಾರ್ಡು ತೆರೆದೇ ಓಡಾಡಿದೆ. ಮದುವೆಯ ಸುದ್ದಿಗೆ ಮೂಲೆಗೆ ಅರಸಿನ ಹಚ್ಚುವುದೂ, ಸಾವಿನ ಸುದ್ದಿಗೆ ಮೂಲೆ ಹರಿಯುವುದೂ ನಮ್ಮಲ್ಲಿ ರೂಢಿಯಲ್ಲಿದ್ದವು. ಕಾರ್ಡು ಕೈಗೆ ಬರುವ ಮೊದಲೇ ಸುದ್ದಿ ಎಂಥದೆಂದು ಅಂಚೆಯಣ್ಣನಿಗೆ ತಿಳಿಯುತ್ತಿತ್ತು. ಆದರೆ ಅವನು ಅದನ್ನು ತಂದು ಸೇರಬೇಕಾದ ಕೈಗೆ ಕೊಟ್ಟನೇ ಹೊರತು ಪೇಟೆಯ ಕಟ್ಟೆಯಲ್ಲಿ ಓದಿ ಹೇಳಲಿಲ್ಲ. ದಾರಿಯಲ್ಲಿ ನಾಲ್ವರ ಕಣ್ಣಿಗೆ ಬೀಳುವುದು ಬೇರೆ, ನಾವೇ ಎತ್ತಿ ನಾಲ್ಕು ಸಾವಿರ ಮಂದಿಗೆ ತೋರಿಸುವುದು ಬೇರೆ. ನಮ್ಮ ಮನೆಯ ಜಗಲಿ ತೆರೆದೇ ಇರುತ್ತದೆ. ಹಾಗೆಂದು ಅಲ್ಲಿ ಕುಳಿತು ಆಡಿದ ಮಾತನ್ನು ಧ್ವನಿವರ್ಧಕದಲ್ಲಿ ಹಾಕುತ್ತೇವೆಯೇ?

ಇನ್ನೊಂದು ಆಕ್ಷೇಪ: "ನನಗೆ ಬಂದ ಕಾರ್ಡು ನನ್ನದು. ಅದನ್ನು ಏನು ಮಾಡಿದರೆ ಯಾರಿಗೇನು?" ಇದಕ್ಕೆ ಉತ್ತರ ಬಹಳ ಹಿಂದೆಯೇ ದೊರೆತಿದೆ. ಇಂಗ್ಲೆಂಡಿನ ಕವಿ ಅಲೆಕ್ಸಾಂಡರ್ ಪೋಪ್ ಬರೆದ ಪತ್ರಗಳನ್ನು ಎಡ್ಮಂಡ್ ಕರ್ಲ್ ಎಂಬ ಪುಸ್ತಕ ವ್ಯಾಪಾರಿ ಅವರ ಒಪ್ಪಿಗೆಯಿಲ್ಲದೆ ಅಚ್ಚು ಹಾಕಿದಾಗ ವಿವಾದ ನ್ಯಾಯಾಲಯಕ್ಕೆ ಹೋಯಿತು. 1741ರಲ್ಲಿ ನ್ಯಾಯಾಧೀಶರು, ಪತ್ರ ಪಡೆದವರಿಗೆ ಕಾಗದದ ಮೇಲೆ ಹಕ್ಕು ಇರಬಹುದು, ಅದನ್ನು ಪ್ರಕಟಿಸುವ ಹಕ್ಕು ಇಲ್ಲ ಎಂಬ ಅರ್ಥದ ತೀರ್ಪನ್ನಿತ್ತರು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯ ನೋಟವೂ ಅದೇ: ಬರೆದವರ ಮಾತು ಬರೆದವರದು. ಕಾರ್ಡನ್ನು ನೀವು ಪೆಟ್ಟಿಗೆಯಲ್ಲಿಡಬಹುದು, ಗೋಡೆಗೆ ಅಂಟಿಸಬಹುದು. ಅದರ ಮಾತನ್ನು ಲೋಕಕ್ಕೆ ಹಂಚಬೇಕಾದರೆ ಬರೆದವರನ್ನು ಕೇಳಬೇಕು. ನಾನು ಇದನ್ನು ಹೇಳುವುದು ಕಾನೂನಿನ ಭಯ ಹುಟ್ಟಿಸಲಿಕ್ಕಲ್ಲ. ನನ್ನ ಅಮ್ಮ ಹೇಳಿದ ಮಾತಿಗೂ ನ್ಯಾಯಾಧೀಶರು ಹೇಳಿದ ಮಾತಿಗೂ ದೂರವಿಲ್ಲವೆಂದು ತೋರಿಸಲಿಕ್ಕೆ.

"ದೊಡ್ಡವರ ಪತ್ರಗಳು ಪುಸ್ತಕವಾಗಿ ಬರುವುದಿಲ್ಲವೇ?" ಎಂದೂ ಕೇಳಬಹುದು. ಬರುತ್ತವೆ, ಬರಬೇಕು ಕೂಡ. ಡಾ. ಶಿವರಾಮ ಕಾರಂತರು ಓದುಗರ ಪತ್ರಗಳಿಗೆ ತಪ್ಪದೆ ಕಾರ್ಡಿನಲ್ಲಿ ಉತ್ತರ ಬರೆಯುತ್ತಿದ್ದುದು ಕನ್ನಡಿಗರಿಗೆಲ್ಲ ತಿಳಿದ ಸಂಗತಿ. ಅಂಥ ಕಾರ್ಡು ಬಂದ ಮನೆಯವರು ಅದನ್ನು ಹೆಮ್ಮೆಯಿಂದ ಕಾಪಾಡುತ್ತಾರೆ. ಆದರೆ ಹೆಸರಾಂತ ಲೇಖಕರ ಪತ್ರಗಳನ್ನು ಅವರ ಅಥವಾ ಅವರ ಮನೆಯವರ ಒಪ್ಪಿಗೆ ಪಡೆದು, ಆರಿಸಿ, ಪ್ರಕಟಿಸುವುದು ಒಂದು ಬಗೆ. ಹದಿನಾಲ್ಕು ವರ್ಷದ ಹುಡುಗಿ ಕಾಣದ ಗೆಳತಿಯನ್ನು ನಂಬಿ ಬರೆದದ್ದನ್ನು ಐದು ನಿಮಿಷದಲ್ಲಿ ಊರಿಗೆ ಹಂಚುವುದು ಇನ್ನೊಂದು ಬಗೆ.

ಹಾಗಾದರೆ ಏನನ್ನೂ ತೋರಿಸಬಾರದೇ? ಹಾಗಲ್ಲ. ಸಂತೋಷವನ್ನು ಹಂಚಿಕೊಳ್ಳುವುದು ಮನುಷ್ಯ ಸಹಜ. ತಾನು ಕಷ್ಟಪಟ್ಟು ಬರೆದ ಚಿತ್ರವನ್ನು ಹತ್ತು ಜನ ನೋಡಿ ಮೆಚ್ಚಿದರೆ ಕಳುಹಿಸಿದ ಮಗುವಿಗೂ ಹಿಗ್ಗು. ಆದುದರಿಂದ ಕೆಲವು ಮರ್ಯಾದೆಗಳನ್ನು ನಾವು ಪಾಲಿಸಿದರೆ ಸಾಕು.

ಮೊದಲನೆಯದಾಗಿ, ಚಿತ್ರದ ಬದಿಯನ್ನು ಮಾತ್ರ ತೋರಿಸೋಣ. ಅದು ಕೈಯಿಂದ ಬರೆದ ಚಿತ್ರವಾಗಿದ್ದರೆ ಬರೆದವರ ಒಪ್ಪಿಗೆ ಪಡೆಯೋಣ. ಅವರು ಬಯಸಿದರೆ ಹೆಸರು ಹಾಕೋಣ, ಬೇಡವೆಂದರೆ ಬಿಡೋಣ.

ಎರಡನೆಯದಾಗಿ, ಬರಹದ ಬದಿಯನ್ನು ಕೇಳದೆ ತೋರಿಸಬಾರದು. ಕೇಳಿದಾಗ ಉತ್ತರ ಬರದಿದ್ದರೆ ಅದನ್ನು ಒಪ್ಪಿಗೆ ಎಂದು ತಿಳಿಯಬಾರದು. ಮೌನಂ ಸಮ್ಮತಿ ಲಕ್ಷಣಂ ಎಂಬ ಮಾತು ಇಲ್ಲಿ ಸಲ್ಲದು.

ಮೂರನೆಯದಾಗಿ, ಒಪ್ಪಿಗೆ ಇದ್ದರೂ ವಿಳಾಸ, ಪಿನ್‌ಕೋಡ್, ಫೋನ್ ಸಂಖ್ಯೆಗಳನ್ನು ಮುಚ್ಚಬೇಕು. ಕಾರ್ಡಿನಲ್ಲಿ ಕಳುಹಿಸಿದವರ ವಿಳಾಸವೂ ಇರುತ್ತದೆ, ನಮ್ಮದೂ ಇರುತ್ತದೆ. ಒಂದೇ ಚಿತ್ರದಿಂದ ಇಬ್ಬರು ಮಕ್ಕಳ ಮನೆಯ ದಾರಿ ಅಪರಿಚಿತರಿಗೆ ತಿಳಿಯುತ್ತದೆ. ಒಮ್ಮೆ ಹೊರಗೆ ಹೋದ ಚಿತ್ರವನ್ನು ಮರಳಿ ಕರೆಯುವ ಉಪಾಯ ನಮ್ಮ ಕೈಯಲ್ಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಹೇಳಿದ್ದು ಇದಕ್ಕೂ ಒಪ್ಪುತ್ತದೆ.

ನಾಲ್ಕನೆಯದಾಗಿ, ನಾವು ಕಳುಹಿಸುವ ಕಾರ್ಡಿನ ಚಿತ್ರವನ್ನು ಅದು ತಲುಪುವ ಮೊದಲೇ ಎಲ್ಲರಿಗೂ ತೋರಿಸಬಾರದು. ಪಡೆಯುವವರು ಕೊನೆಗೆ ನೋಡುವಂತಾದರೆ ಆ ಕಾರ್ಡಿಗಾಗಿ ಕಾದದ್ದಕ್ಕೆ ಅರ್ಥವೇನು?

ಕೊನೆಯದಾಗಿ, ತೋರಿಸುವುದನ್ನೇ ಕೃತಜ್ಞತೆ ಎಂದು ತಿಳಿಯಬಾರದು. ಹತ್ತು ಕಾರ್ಡುಗಳಲ್ಲಿ ಅಂದವಾದ ಮೂರನ್ನು ಆರಿಸಿ ತೋರಿಸಿದಾಗ ಉಳಿದ ಏಳು ಮಂದಿಗೆ ಹೇಗನಿಸೀತು? ಬಣ್ಣದ ಪೆನ್ಸಿಲು ಇಲ್ಲದ ಮಗುವೂ ನಮಗೆ ಕಾರ್ಡು ಬರೆದಿದೆ. ಕಾರ್ಡಿಗೆ ನಿಜವಾದ ವಂದನೆಯೆಂದರೆ ಮರುಟಪಾಲಿನ ಉತ್ತರ.

ಹೆತ್ತವರಲ್ಲಿ ಒಂದು ಬಿನ್ನಹ. ಮಕ್ಕಳಿಗೆ ಬಂದ ಪತ್ರ ಮಕ್ಕಳದು. ಅವರ ಸುರಕ್ಷಿತತೆಗಾಗಿ ನೀವು ಯಾರು ಬರೆಯುತ್ತಾರೆ, ಏನು ಬರೆಯುತ್ತಾರೆ ಎಂದು ತಿಳಿದುಕೊಳ್ಳಬೇಕು. ಅಪರಿಚಿತರೊಡನೆ ವಿಳಾಸ ಹಂಚಿಕೊಳ್ಳುವುದು ನಿಮ್ಮ ಒಪ್ಪಿಗೆಯಿಂದಲೇ ಆಗಬೇಕು. ಆದರೆ ತಿಳಿದುಕೊಂಡದ್ದನ್ನು ಬಂಧುಗಳ ಗುಂಪಿಗೆ ಹಾಕುವ ಮೊದಲು ಮಗುವನ್ನೂ, ಬರೆದ ಇನ್ನೊಂದು ಮಗುವನ್ನೂ ನೆನೆಯಿರಿ. ಗುಂಪಿಗೆ ಅಂಥ ಚಿತ್ರ ಬಂದರೆ ಅದನ್ನು ಮುಂದಕ್ಕೆ ಕಳುಹಿಸದೆ ನಿಮ್ಮಲ್ಲಿಗೇ ನಿಲ್ಲಿಸಿ. ನನ್ನ ತಪ್ಪು ಇಮ್ಮಡಿ, ಮುಮ್ಮಡಿಯಾದದ್ದು ದಾಟಿಸಿದ ಬೆರಳುಗಳಿಂದ.

ಆ ಹುಡುಗಿಗೆ ನಾನು ಒಂದು ಕಾರ್ಡು ಬರೆದು ಕ್ಷಮೆ ಕೇಳಿದೆ. "ನಿನ್ನ ಕನ್ನಡ ಚೆನ್ನಾಗಿದೆ, ತಪ್ಪು ನನ್ನದು" ಎಂದು ಬರೆದೆ. ಕಾರ್ಡು ಬರೆಯುವ ಮಕ್ಕಳಿಗೂ ನಡೆದುದನ್ನು ಹೇಳಿದೆ. ಮಾಸ್ತರರೂ ತಪ್ಪು ಮಾಡುತ್ತಾರೆಂದು ಅವರಿಗೆ ತಿಳಿಯುವುದು ಒಳ್ಳೆಯದೇ. ನಮ್ಮ ಹುಡುಗಿ ಬೇರೆಯಾಗಿ ಒಂದು ಕಾರ್ಡು ಬರೆದಳು. ಅದರಲ್ಲಿ ಏನು ಬರೆದಳೆಂದು ನಾನು ನೋಡಲಿಲ್ಲ.

ಒಂದೂವರೆ ತಿಂಗಳು ಏನೂ ಬರಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಶಾಲೆಯ ಅಂಚೆಯೊಡನೆ ನಮ್ಮ ಹುಡುಗಿಯ ಹೆಸರಿಗೆ ಒಂದು ಕಾರ್ಡು ಬಂತು. ಅಕ್ಷರ ಕಂಡೊಡನೆ ನನಗೆ ಗುರುತಾಯಿತು. ಮಗುಚಿ ನೋಡದೆ ತರಗತಿಗೆ ಒಯ್ದು ಅವಳ ಕೈಗೆ ಕೊಟ್ಟೆ. ಅವಳು ಎರಡು ಸಲ ಓದಿ, ಕನ್ನಡ ಪುಸ್ತಕದ ನಡುವೆ ಇಟ್ಟುಕೊಂಡು, "ಸರ್, ಬರೆದಿದ್ದಾಳೆ" ಎಂದಳು.

ಏನು ಬರೆದಿದ್ದಾಳೆಂದು ನಾನು ಕೇಳಲಿಲ್ಲ. ಪಾಠ ಮುಂದುವರಿಸಿದೆ.